ಎಲ್ಲರ ಹಿಂದೆ ನಿಂತವಳು

ಒಂದೇ ಹೆಸರು ಕೊಡಬೇಕು ಎಂದು ಆಯ್ಕೆ ಸಮಿತಿಯ ಗಂಗಾಧರ ಸರ್ ಫೋನಿನಲ್ಲಿ ಹೇಳಿದಾಗಿನಿಂದ ಶಾಹೀನ್‌ಗೆ ಆ ಎರಡು ಹೆಸರುಗಳು ಬರೀ ಹೆಸರುಗಳಾಗಿ ಉಳಿದಿರಲಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತ ನಿಂತಾಗಲೂ, ಹತ್ತಿ ಕಿಟಕಿಗೆ ಒತ್ತಿ ಕೂತಾಗಲೂ, ಕಾಲುವೆ ನೀರಿನ ಭತ್ತದ ಗದ್ದೆಗಳು ಮುಗಿದು ಜೋಳದ ಕರಿನೆಲ ಶುರುವಾದಾಗಲೂ ಅವು ಸರದಿಯಂತೆ ಎದುರು ಬಂದು ನಿಲ್ಲುತ್ತಿದ್ದವು. ಮೆಹನಾಜ್, ಶಿವರಂಜನಿ. ಯಾವುದನ್ನು ಮೊದಲು ನೆನೆದರೂ ಇನ್ನೊಂದನ್ನು ತಳ್ಳಿದಂತಾಗುತ್ತಿತ್ತು. ರಗ್ಬಿ ಎಂಬ ಈ ಆಟವನ್ನು ಈ ಸೀಮೆಗೆ ತಂದವಳೇ ಶಾಹೀನ್. ಸಿಂಧನೂರಿನ ಹೈಸ್ಕೂಲಿಗೆ ಪಿ.ಟಿ. ಮೇಡಂ ಆಗಿ ಬಂದ ಹೊಸತರಲ್ಲಿ ಯಾವುದೋ ತರಬೇತಿಗೆ ಹೋಗಿ, ತತ್ತಿಯ ಆಕಾರದ ಆ ಚೆಂಡನ್ನು ಚೀಲದಲ್ಲಿಟ್ಟುಕೊಂಡು ವಾಪಸು ಬಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು "ಇದೇನ್ರಿ ಮೇಡಂ, ಸಾರಿಗೆ ಹಾಕೋದೇನು?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಅವಳೂ ನಕ್ಕಿದ್ದಳು. ನಗದೆ ಇದ್ದಿದ್ದರೆ ಇನ್ನೊಂದು ಮಾತು ಬರುತ್ತಿತ್ತೆಂದು ಗೊತ್ತಿತ್ತು. ಆ ನಗು ಇವತ್ತಿಗೂ ಅವಳ ಬಾಯೊಳಗೆ ಎಲ್ಲೋ ಹುಳಿಯಾಗಿ ಉಳಿದುಕೊಂಡಿದೆ. ಈಗ ಅದೇ ಚೆಂಡಿನಿಂದ, ಪರದೇಶದ ಪಂದ್ಯಗಳಿಗೆ ಹೊರಡಲಿರುವ ಭಾರತ ತಂಡದ ಶಿಬಿರಕ್ಕೆ ಒಬ್ಬ ಹುಡುಗಿ ಹೋಗುವಳು. ಒಬ್ಬಳು ಮಾತ್ರ. ಇಬ್ಬರೂ ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಅವಳೇ ಬೆಳೆಸಿದ ಹುಡುಗಿಯರು, ಇಬ್ಬರೂ ಆಡುವುದು ಒಂದೇ ಜಾಗದಲ್ಲಿ.

ರಗ್ಬಿಯಲ್ಲಿ ಆ ಜಾಗಕ್ಕೆ ಫುಲ್‌ಬ್ಯಾಕ್ ಎನ್ನುತ್ತಾರೆ. ತಂಡದ ಹದಿನಾಲ್ಕು ಮಂದಿಯ ಹಿಂದೆ, ಬಯಲಲ್ಲಿ ಒಬ್ಬಳೇ ನಿಲ್ಲಬೇಕು. ಮುಂದಿನವರೆಲ್ಲ ಬಿದ್ದು ಎದುರಾಳಿ ಒಳನುಗ್ಗಿದರೆ ಕೊನೆಗೆ ಅಡ್ಡ ಬೀಳುವವಳು ಅವಳೇ. ಅವರು ಮುಗಿಲಿಗೆ ಒದ್ದ ಚೆಂಡು ಕೆಳಗಿಳಿಯುವಾಗ ಅದರ ಕೆಳಗೆ ಹೋಗಿ ನಿಲ್ಲುವವಳೂ ಅವಳೇ. ಹಿಡಿದ ಮೇಲೆ ಎರಡು ದಾರಿ. ದೂರಕ್ಕೆ ಒದ್ದು ಆಟವನ್ನು ಅವರ ಕಡೆಗೇ ತಳ್ಳುವುದು, ಇಲ್ಲವೇ ಚೆಂಡನ್ನು ಪಕ್ಕೆಗೆ ಒತ್ತಿಕೊಂಡು ಅವರ ನಡುವೆಯೇ ಓಡುವುದು. ಮುದಗಲ್ಲಿನ ಮೆಹನಾಜ್ ಒದೆಯುವವಳು. ಮಸ್ಕಿಯ ಶಿವರಂಜನಿ ಓಡುವವಳು. ಮೆಹನಾಜ್ ಹಿಂದೆ ನಿಂತಿದ್ದರೆ ಶಾಹೀನ್ ಗೆರೆಯಾಚೆ ಕೂತು ನೀರು ಕುಡಿಯಬಲ್ಲಳು. ಶಿವರಂಜನಿ ನಿಂತಿದ್ದರೆ ಕೂರಲಿಕ್ಕೇ ಆಗುವುದಿಲ್ಲ; ಗೆರೆಯ ಪಕ್ಕ ಅತ್ತಿಂದಿತ್ತ ನಡೆಯುತ್ತಾಳೆ, ಅದು ಭಯವೋ ಸಂತೋಷವೋ ತಿಳಿಯುವುದಿಲ್ಲ.

ಮಸ್ಕಿಯಲ್ಲಿ ಶಿವರಂಜನಿ ಹತ್ತಿದಳು. ಸೀಟು ಖಾಲಿಯಿದ್ದರೂ ಬಾಗಿಲ ಬಳಿಯ ಕಂಬ ಹಿಡಿದು ನಿಂತಳು. "ಕುಂದ್ರಬಾರದೇನ ಲೇ" ಎಂದರೆ, "ಕುಂತ್ರ ಕಾಲು ಜೋಮು ಹಿಡಿತಾವ್ರಿ" ಎಂದಳು. ತಿರುವುಗಳಲ್ಲಿ ಬಸ್ಸು ವಾಲಿದಾಗ ಅವಳು ಕಂಬ ಬಿಟ್ಟು ಸೊಂಟದಿಂದಲೇ ತೂಕ ಹಿಡಿಯುವುದನ್ನು ಶಾಹೀನ್ ನೋಡುತ್ತ ಕೂತಳು. ಎಷ್ಟು ಸುಲಭವಾಗಿ ಈ ಹುಡುಗಿಯನ್ನು ಪ್ರೀತಿಸಬಹುದು ಅನ್ನಿಸಿತು. ಕೂಡಲೇ, ಹಾಗೆ ಅನ್ನಿಸಿದ್ದು ನಿಜವೋ ಅಥವಾ ಹಾಗೆ ಅನ್ನಿಸಲಿ ಎಂದು ತಾನೇ ಬಯಸುತ್ತಿದ್ದೇನೋ ಎಂಬ ಶಂಕೆ ಹುಟ್ಟಿತು. ಏಕೆಂದರೆ ಮೆಹನಾಜ್ ತನ್ನವಳು. ಲೋಕದ ಲೆಕ್ಕದಲ್ಲಿ ತನ್ನವಳು. ಇದು ಮನಸ್ಸಿಗೆ ಬಂದ ದಿನದಿಂದ ಶಾಹೀನ್ ಒಂದು ಕಟ್ಟುಪಾಡು ಹಾಕಿಕೊಂಡಿದ್ದಳು. ಮೈದಾನದಲ್ಲಿ ಮೆಹನಾಜ್ ಜೊತೆ ಮನೆಮಾತಾದ ದಖನಿ ಉರ್ದು ಆಡಬಾರದು, ಕನ್ನಡವೇ ಆಡಬೇಕು, ಅವಳೂ ಅಕ್ಕ ಎಂಬರ್ಥದಲ್ಲಿ 'ಆಪಾ' ಎನ್ನಬಾರದು, ಎಲ್ಲರಂತೆ 'ಮೇಡಂ' ಎನ್ನಬೇಕು. ಆ ಹುಡುಗಿ ಕಾರಣ ಕೇಳದೆ ಒಪ್ಪಿಕೊಂಡಿದ್ದಳು. ಕೇಳದೆ ಒಪ್ಪಿಕೊಂಡದ್ದೇ ಶಾಹೀನ್‌ಗೆ ಚುಚ್ಚುತ್ತಿತ್ತು.

ಲಿಂಗಸುಗೂರಿನ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಆಗಿತ್ತು. ಕೊಪ್ಪಳ, ಬಳ್ಳಾರಿ ಕಡೆಯ ಹುಡುಗಿಯರನ್ನೂ ಸೇರಿಸಿ ಎರಡು ತಂಡ ಮಾಡಿದ್ದರು. ಒಂದರ ಹಿಂದೆ ಮೆಹನಾಜ್, ಇನ್ನೊಂದರ ಹಿಂದೆ ಶಿವರಂಜನಿ. ರಾಜ್ಯದ ಆಯ್ಕೆ ಸಮಿತಿಯ ಗಂಗಾಧರ ಸರ್ ಬಿಸಿಲ ಟೊಪ್ಪಿಗೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕೆಟ್ಟವರಲ್ಲ. ಶಾಹೀನ್ ಬಂದೊಡನೆ ಎದ್ದು ಕುರ್ಚಿ ಕೊಟ್ಟರು. "ಇಬ್ಬರನ್ನೂ ನೀವ ತಯಾರ ಮಾಡೀರಿ. ನಾ ಒಂದು ಮುಂಜಾನಿ ನೋಡಿ ಏನ್ ಹೇಳ್ಲಿ? ನೀವು ಹೇಳಿದ್ದ ಫೈನಲ್ ಮೇಡಂ" ಎಂದರು. ಆ ವಿಶ್ವಾಸದಿಂದ ಅವಳ ಬೆನ್ನು ನೆಟ್ಟಗಾಗಬೇಕಿತ್ತು. ಆಗಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಶಿವರಂಜನಿ ಒಂದು ಚೆಂಡು ಬಿಟ್ಟಳು. ಕಷ್ಟದ ಚೆಂಡೇನಲ್ಲ. ನೇರ ಎದೆಗೆ ಇಳಿದದ್ದು. ಹಿಡಿಯುವ ಮೊದಲೇ ಅವಳ ಕಣ್ಣು ಮುಂದಿನ ಬಯಲಿಗೆ ಓಡಿಹೋಗಿತ್ತು, ಚೆಂಡು ಬೆರಳಿಗೆ ತಗುಲಿ ಜಾರಿತು, ಎದುರಾಳಿಗಳು ಅದನ್ನೆತ್ತಿಕೊಂಡು ಹೋಗಿ ಗೆರೆಯಾಚೆ ಊರಿ ಟ್ರೈ ಗಳಿಸಿದರು. ಬೇರೆ ಹುಡುಗಿಯಾಗಿದ್ದರೆ ತಲೆ ತಗ್ಗಿಸುತ್ತಿದ್ದಳು. ಶಿವರಂಜನಿ ಅಂಗೈಗಳನ್ನು ನೆಲಕ್ಕೆ ಉಜ್ಜಿ ಮಣ್ಣು ಹಚ್ಚಿಕೊಂಡು ಮತ್ತೆ ಹಿಂದೆ ಹೋಗಿ ನಿಂತಳು. ಮುಂದಿನ ಚೆಂಡು ಬಂದಾಗ ಹಿಡಿದಳು, ಓಡಿದಳು. ಒಬ್ಬಳು ಎದುರು ಬಂದಳು. ಇವಳ ಎಡಗಾಲು ಒಂದು ಸುಳ್ಳು ಹೇಳಿತು, ಬಂದವಳು ಅದನ್ನು ನಂಬಿ ಎಡಕ್ಕೆ ಬಿದ್ದಳು, ಇವಳು ಬಲಕ್ಕೆ ಹೋಗಿಯಾಗಿತ್ತು. ಇನ್ನೊಬ್ಬಳ ಕೈ ಅಂಗಿಯ ಅಂಚನ್ನಷ್ಟೇ ಮುಟ್ಟಿತು. ಅರ್ಧ ಮೈದಾನ ದಾಟಿ ಪಕ್ಕದವಳಿಗೆ ಚೆಂಡು ಕೊಟ್ಟು, ಆ ಪಕ್ಕದವಳು ಟ್ರೈ ಮುಗಿಸಿದಾಗ, ಕಂಪೌಂಡ್ ಗೋಡೆಯ ಮೇಲೆ ಕೂತಿದ್ದ ಕಾಲೇಜು ಹುಡುಗರು ಸೀಟಿ ಹೊಡೆದರು. ಗಂಗಾಧರ ಸರ್ ಕುರ್ಚಿಯ ತುದಿಗೆ ಬಂದಿದ್ದರು. "ಮಂದಿ ನೋಡಾಕ ಬರೋದು ಇಂಥಾದ್ದಕ್ಕ ನೋಡ್ರಿ" ಎಂದರು.

ಈ ಕಡೆ ಮೆಹನಾಜ್ ಹತ್ತಿರ ನೋಡಲಿಕ್ಕೆ ಏನೂ ಇರಲಿಲ್ಲ. ಅವಳು ಓಡಿಬಂದು ಹಿಡಿದದ್ದನ್ನು ಯಾರೂ ಕಾಣಲಿಲ್ಲ, ಯಾಕೆಂದರೆ ಚೆಂಡು ಬರುವ ಹೊತ್ತಿಗೆ ಅವಳು ಮೊದಲೇ ಅಲ್ಲಿರುತ್ತಿದ್ದಳು. ಹಿಡಿಯುವಳು, ಒಮ್ಮೆ ನೋಡುವಳು, ಒದೆಯುವಳು. ಚೆಂಡು ಬದಿಯ ಗೆರೆ ದಾಟಿ ಹೊರಗೆ ಬೀಳುವುದು. ಆಟ ನಿಲ್ಲುವುದು. ಸೀಟಿಯಿಲ್ಲ, ಕೂಗಿಲ್ಲ. ಒಮ್ಮೆ ಮಾತ್ರ ಅವಳ ಮುಂದೆ ಇಡೀ ಮೈದಾನ ಬಾಗಿಲು ತೆರೆದಂತೆ ತೆರೆದುಕೊಂಡಿತು. ಶಾಹೀನ್ ತನಗೆ ತಿಳಿಯದೆ ಎದ್ದು ನಿಂತಿದ್ದಳು. ಮೆಹನಾಜ್ ಆ ಬಯಲನ್ನು ನೋಡಿದಳು. ನೋಡಿ ಎಡಕ್ಕೆ ಒದ್ದಳು.

"ಯಾಕ ಓಡ್ಲಿಲ್ಲ ಆಕಿ?" ಎಂದರು ಗಂಗಾಧರ ಸರ್.

ಶಾಹೀನ್‌ಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಮುದಗಲ್ ಕೋಟೆಯೊಳಗಿನ ಆ ಮನೆಯ ಪಡಸಾಲೆ, ನೀಲಿ ಬಣ್ಣದ ಕಿಟಕಿ, ಅದರ ಕೆಳಗೆ ಎಲೆ ಅಡಿಕೆ ಡಬ್ಬಿ ಇಟ್ಟುಕೊಂಡು ಕೂತ ಲಾಲ್‌ಬೀ. ಮೆಹನಾಜಳ ದಾದಿ, ಅಪ್ಪನ ತಾಯಿ. ಹುಡುಗಿಯನ್ನು ಆಡಲು ಕಳಿಸಿರಿ ಎಂದು ಕೇಳಲು ಶಾಹೀನ್ ಹೋಗಿದ್ದ ದಿನ ಲಾಲ್‌ಬೀ ದಖನಿಯಲ್ಲಿ ನಿಧಾನವಾಗಿ ಹೇಳಿದ್ದಳು, ಆಡಲಿ ಬೇಟಿ, ಓದಲಿ, ಊರೂರು ತಿರುಗಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮುಖಕ್ಕೆ ಮಾತ್ರ ಪೆಟ್ಟಾಗಬಾರದು, ನಾಳೆ ನೋಡಲು ಬರುವವರು ಅವಳು ಗೆದ್ದ ಕಪ್ಪು ನೋಡುವುದಿಲ್ಲ, ಮುಖ ನೋಡುತ್ತಾರೆ. ಶಾಹೀನ್ ಮಾತು ಕೊಟ್ಟು ಚಹಾ ಕುಡಿದು ಬಂದಿದ್ದಳು. ಮರುದಿನದಿಂದ ಮೆಹನಾಜ್‌ಗೆ ಒದೆಯುವುದನ್ನು ಕಲಿಸಿದಳು. ಓಡುವವಳು ಸಿಕ್ಕಿಬೀಳುತ್ತಾಳೆ, ಸಿಕ್ಕಿಬಿದ್ದವಳ ಮೇಲೆ ನಾಲ್ಕು ಜನ ಬೀಳುತ್ತಾರೆ. ಒದೆಯುವವಳ ಹತ್ತಿರ ಯಾರೂ ಬರುವುದಿಲ್ಲ. ಹಾಗಾದರೆ ಇವತ್ತು ತಾನು ಹೋಲಿಸುತ್ತಿರುವುದು ಏನನ್ನು? ಒಬ್ಬಳ ಆಟವನ್ನು ಇನ್ನೊಬ್ಬಳ ಆಟದ ಜೊತೆಗೋ, ಅಥವಾ ಬಿಟ್ಟು ಬೆಳೆಸಿದ ಹುಡುಗಿಯನ್ನು ತಾನೇ ಕಾಲು ಕಟ್ಟಿ ಬೆಳೆಸಿದ ಹುಡುಗಿಯ ಜೊತೆಗೋ? ಶಿವರಂಜನಿಯ ಮನೆಯಲ್ಲಿ ಯಾರೂ ಏನೂ ಷರತ್ತು ಹಾಕಿರಲಿಲ್ಲ. ಬ್ಯಾಂಕಿನಲ್ಲಿ ಅಟೆಂಡರ್ ಆಗಿರುವ ಅವಳ ಅಪ್ಪ, ಮೊಹರಂ ಹರಕೆಗೆ ಹುಟ್ಟಿ ಹುಸೇನಪ್ಪ ಎಂಬ ಹೆಸರು ಪಡೆದವನು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ನಿಂತು, "ಆಕಿಗೆ ಹ್ಯಾಂಗ ಬೇಕೋ ಹಂಗ ಆಡ್ಲಿ ಬಿಡ್ರಿ, ನಮಗ ಆಡಾಕ ಯಾರ್ ಬಿಟ್ಟಿದ್ರು" ಎಂದಷ್ಟೇ ಹೇಳಿದ್ದ.

ನಡುವಿನ ಬಿಡುವಿನಲ್ಲಿ ಮೆಹನಾಜ್ ಬೆವರಿಳಿಯುತ್ತ ಓಡಿಬಂದು ಕೈ ಚಾಚಿದಳು. "ಆಪಾ, ಪಾನಿ."

ದಣಿವಿನಲ್ಲಿ ಬಾಯಿತಪ್ಪಿ ಬಂದದ್ದು. ಗಂಗಾಧರ ಸರ್ ತಲೆಯೆತ್ತಿ ಇಬ್ಬರನ್ನೂ ನೋಡಿದರು. "ಸಂಬಂಧಿಕರೇನ್ರಿ?" ಎಂದರು, ಸಹಜವಾಗಿ.

"ಇಲ್ರಿ, ಇಲ್ಲ, ಆಕಿ ಯಾರೋ, ನಾ ಯಾರೋ" ಎಂದುಬಿಟ್ಟಳು ಶಾಹೀನ್. ಒಂದು 'ಇಲ್ರಿ' ಸಾಕಾಗಿತ್ತು. ಮೆಹನಾಜ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ತಿರುಗಿಸಿ, ಕುಡಿದು, "ಥ್ಯಾಂಕ್ಯೂ ಮೇಡಂ" ಎಂದಳು. ಶಾಹೀನ್‌ಗೆ ಕಿವಿಯ ಬುಡದವರೆಗೆ ಬಿಸಿಯೇರಿತು. ಅವಳನ್ನು ಬೇವಿನ ಮರದ ಕಡೆಗೆ ಕರೆದುಕೊಂಡು ಹೋಗಿ, ಏನೋ ತೀರಿಸಿಬಿಡುವವಳಂತೆ ಹೇಳಿದಳು: "ಒದಿಬ್ಯಾಡ ಇನ್ನ. ಚೆಂಡು ಸಿಕ್ಕರ ಓಡು. ನಿನ್ನ ಕಾಲಿನಾಗ ಏನೈತಿ ಅನ್ನೋದು ಅವ್ರೂ ನೋಡ್ಲಿ."

ಮೆಹನಾಜ್ ಬಾಟಲಿ ಕೆಳಗಿಟ್ಟು ಮೈದಾನಕ್ಕೆ ಓಡಿದಳು. ಆಟ ಮತ್ತೆ ಶುರುವಾಯಿತು. ಚೆಂಡು ಸಿಕ್ಕಿತು. ಅವಳು ಮತ್ತೆ ಒದ್ದಳು. ಇನ್ನೊಮ್ಮೆ ಸಿಕ್ಕಿತು, ಮತ್ತೆ ಒದ್ದಳು. ಮೂರನೆಯ ಸಲ ಮಾತ್ರ ಓಡಿದಳು. ತುಸುವೇ ದೂರ, ತನ್ನವರು ಇಬ್ಬರು ಬೆನ್ನಿಗೆ ಬರುವುದನ್ನು ಕಂಡ ಮೇಲೆ ಓಡಿ, ಬೀಳುವ ಮೊದಲು ಅವರ ಕೈಗೆ ಚೆಂಡು ಒಪ್ಪಿಸಿದಳು. ಶಾಹೀನ್‌ಗೆ ಸಿಟ್ಟು ಬಂತು. ತನ್ನ ಪಶ್ಚಾತ್ತಾಪಕ್ಕೂ ಈ ಹುಡುಗಿ ಬೆಲೆ ಕೊಡುತ್ತಿಲ್ಲವಲ್ಲ ಎಂಬಂಥ ವಿಚಿತ್ರ ಸಿಟ್ಟು.

ಆಟ ಮುಗಿದು ಹುಡುಗಿಯರು ನೆರಳಿನಲ್ಲಿ ಬೂಟು ಬಿಚ್ಚುತ್ತಿದ್ದಾಗ ಅವಳು ಮೆಹನಾಜಳ ಹತ್ತಿರ ಹೋಗಿ ನೆಲದ ಮೇಲೇ ಕೂತಳು. "ನಾ ಏನ್ ಹೇಳಿದ್ದೆ ನಿನಗ?"

"ಓಡು ಅಂದಿದ್ರಿ."

"ಮತ್ತ?"

ಮೆಹನಾಜ್ ಕಾಲುಚೀಲ ಜಾಡಿಸಿದಳು. "ಮೊದಲನೇ ಅರ್ಧದಾಗ ನೀವು ಎದ್ದು ನಿಂತ್ರಿ ನೋಡ್ರಿ, ಆಗ ನನ್ನ ಮುಂದ ಜಾಗ ಇತ್ತು, ಖರೇ. ಸಂಗಾಟ ಬರೋರು ಯಾರಿದ್ರು? ನಮ್ಮೋರು ಆಗಷ್ಟ ಗುಂಪಿನಾಗ ಬಿದ್ದು ಎದ್ದಿದ್ರು. ಯಾರಿಗೂ ದಮ್ಮಿರ್ಲಿಲ್ಲ. ನಾ ಒಬ್ಬಾಕಿ ಓಡಿ ನಡುವ ಸಿಕ್ಕಿಬಿದ್ರ ಚೆಂಡು ಅವರ ಪಾಲು. ಎಡಗಡಿ ಅವರ ಹುಡುಗಿ ಮುಂದ ಬಂದಿದ್ಲು, ಆಕಿ ಹಿಂದ ಖಾಲಿ ಇತ್ತು. ಅಲ್ಲಿ ಹಾಕಿದೆ. ಚೆಂಡು ಹೋಗಿ ಬರೂದ್ರಾಗ ನಮ್ಮೋರು ಉಸುರು ತೊಗೊಂಡ್ರು."

ಶಾಹೀನ್ ಆ ಗಳಿಗೆಯನ್ನು ಮತ್ತೆ ಕಣ್ಣೆದುರು ತಂದುಕೊಂಡಳು. ಹೌದು. ಆ ಚೆಂಡಿನ ನಂತರವೇ ಮೆಹನಾಜಳ ತಂಡ ಆ ಮೂಲೆಯಲ್ಲಿ ಒತ್ತಿ ಒತ್ತಿ ಟ್ರೈ ಗಳಿಸಿದ್ದು. ಅದನ್ನು ಅವಳು ಬೇರೆಯವರ ಲೆಕ್ಕಕ್ಕೆ ಬರೆದಿದ್ದಳು. ಆದರೂ ಅವಳಿಗೆ ತನ್ನ ತಪ್ಪನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ತಗ್ಗಿದ ದನಿಯಲ್ಲಿ, ಕಟ್ಟುಪಾಡು ಮುರಿದು, ದಖನಿಯಲ್ಲಿಯೇ ಹೇಳಿದಳು: ನಿನ್ನ ದಾದಿಗೆ ನಾನು ಮಾತು ಕೊಟ್ಟಿದ್ದೆ, ಮುಖಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುತ್ತೇನೆ ಎಂದು, ಅದಕ್ಕೇ ನಿನಗೆ ಒದೆಯುವುದನ್ನೇ ಕಲಿಸಿದೆ, ಇಲ್ಲದಿದ್ದರೆ ನೀನೂ ಓಡುವವಳಾಗುತ್ತಿದ್ದೆ.

ಮೆಹನಾಜ್ ಅವಳನ್ನು ದಿಟ್ಟಿಸಿದಳು. ಆಮೇಲೆ ನಕ್ಕಳು. ತನ್ನ ಹುಬ್ಬನ್ನು ಬೆರಳಿನಿಂದ ಮೇಲೆತ್ತಿ ತೋರಿಸಿದಳು. ಅಲ್ಲಿ ಕೂದಲು ಬಾರದ ಒಂದು ಬಿಳಿ ಗೆರೆ. ಕಳೆದ ವರ್ಷ ತನಗಿಂತ ಎರಡು ಪಟ್ಟು ದಪ್ಪವಿದ್ದ ಹುಡುಗಿ ಒಬ್ಬಳೇ ನುಗ್ಗಿ ಬಂದಾಗ ಮೆಹನಾಜ್ ಅವಳ ಮೊಣಕಾಲಿಗೆ ಬಿದ್ದು ಕೆಡವಿದ್ದಳು. ಹೊಲಿಗೆ ಹಾಕಿಸಲು ಕರೆದುಕೊಂಡು ಹೋದವಳು ಶಾಹೀನೇ. "ದಾದಿ ನೋಡಿ ಒಂದಿನ ಮಾತಾಡ್ಲಿಲ್ಲ, ಮರುದಿನ ಅರಿಶಿಣ ಹಚ್ಚಿದ್ಲು" ಎಂದಳು ಮೆಹನಾಜ್, ಈಗ ಕನ್ನಡದಲ್ಲಿ. "ನಾ ಅಂಜಿ ಒದಿಯಂಗಿಲ್ರಿ. ನೀವು ಕಲಿಸಿದ್ದಕ್ಕೂ ಒದಿಯಂಗಿಲ್ಲ. ನನಗ ಹಿಂದ ನಿಂತಾಗ ಎಲ್ಲಾರೂ ಕಾಣ್ತಾರ. ಕಂಡಂಗ ಆಡ್ತೀನಿ."

ಬೂಟುಗಳ ಲೇಸನ್ನು ಒಂದಕ್ಕೊಂದು ಗಂಟು ಹಾಕಿ ಹೆಗಲಿಗೆ ತೂಗುಬಿಟ್ಟುಕೊಂಡು ಅವಳು ಮುದಗಲ್ ಬಸ್ಸಿಗೆ ಹೊರಟುಹೋದಳು. ಶಾಹೀನ್ ಅಲ್ಲೇ ಕೂತಿದ್ದಳು. ಆ ಗಾಯವನ್ನು ತಾನು ಒರೆಸಿದ್ದಳು, ಔಷಧಿ ಕೊಂಡಿದ್ದಳು, ಅದನ್ನು ಇಷ್ಟು ದಿನ ನೋಡಿರಲಿಲ್ಲ. ತನ್ನ ಪಾಪಪ್ರಜ್ಞೆಯನ್ನು ಜೋಪಾನ ಮಾಡುವ ಭರದಲ್ಲಿ ಒಬ್ಬ ಹುಡುಗಿಯ ಬುದ್ಧಿಯನ್ನೇ ತನ್ನ ಸ್ವಂತದ್ದು ಮಾಡಿಕೊಂಡಿದ್ದಳು. ಇದಕ್ಕಿಂತ ದೊಡ್ಡ ಸೊಕ್ಕು ಇನ್ನೇನಿದೆ ಅನ್ನಿಸಿತು. ಆದರೆ ಆ ನಾಚಿಕೆಯ ಕೆಳಗೆ, ಬಹಳ ದಿನದ ನಂತರ, ಕಾಲೂರಲು ಗಟ್ಟಿ ನೆಲ ಸಿಕ್ಕಂತೆಯೂ ಆಯಿತು.

ಗಂಗಾಧರ ಸರ್ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದರು. "ನಾ ಒಂದು ಮಾತು ಹೇಳ್ಲೇನ್ರಿ ಮೇಡಂ? ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಶಿವರಂಜನಿ ಹೆಸರು ಕೊಟ್ರ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ. ಇನ್ನೊಬ್ಬಾಕೀದು ಕೊಟ್ರ... ಮಂದಿ ಬಾಯಿ ನಿಮಗ ಗೊತ್ತೈತಿ."

ಇದೇ ಮಾತನ್ನು ಶಾಹೀನ್ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ, ಅವರ ಬಾಯಿಂದ ಬಂದಾಗ ಅದು ಹಳೆಯದಾಗಿತ್ತು, ತುಸು ಅಸಹ್ಯವಾಗಿಯೂ ಇತ್ತು. ಶಿವರಂಜನಿಯ ಹೆಸರು ಹೇಳಿದರೆ ತಾನು ಆರಿಸುವುದು ಶಿವರಂಜನಿಯನ್ನಲ್ಲ. ತನ್ನ ಮೇಲೆ ಮಣ್ಣು ಬೀಳದಂತೆ ಎತ್ತಿ ಹಿಡಿದ ಸೆರಗನ್ನು. ಆ ಹುಡುಗಿಯ ಓಟಕ್ಕೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

"ಮೆಹನಾಜ್ ರೀ" ಎಂದಳು.

 ಅವಳು ಮುಂದುವರಿಸಿದಳು. "ನಮ್ಮ ತಂಡ ಹೋಗೋ ದೇಶದಾಗ ಮಳಿ ಇರ್ತೈತಿ. ಅಲ್ಲಿಯೋರು ಎತ್ತರದೋರು, ಮುಗಿಲಿಗೆ ಒದೀತಾರ. ನಮ್ಮ ಮುಂದಿನ ಹುಡುಗ್ಯಾರು ಸಣ್ಣೋರು, ಜಲ್ದಿ ದಣೀತಾರ. ಹಿಂದ ನಿಂತಾಕಿ ಅವರಿಗೆ ಉಸುರು ತೊಗೊಳ್ಳಾಕ ಹೊತ್ತು ಕೊಡಬೇಕು. ಶಿವರಂಜನಿ ಆಟ ಗೆದ್ದು ಕೊಡ್ತಾಳ, ಮುಂದಿನೋರು ಗಟ್ಟಿ ಇದ್ರ. ಮೆಹನಾಜ್ ಅವರು ಗಟ್ಟಿ ಇಲ್ಲದಾಗ ಸೋಲಾಕ ಬಿಡಂಗಿಲ್ಲ. ನಮಗ ಈಗ ಬೇಕಾದಾಕಿ ಆಕಿ."

"ಮಂದಿ ಕೇಳಿದ್ರ?"

"ನನ್ನ ಹೆಸರು ಹೇಳ್ರಿ."

ಗಂಗಾಧರ ಸರ್ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಜೇಬಿನಿಂದ ಪಟ್ಟಿ ತೆಗೆದು ಹೆಸರು ಬರೆದುಕೊಂಡರು.

ಮಧ್ಯಾಹ್ನದ ಬಸ್ಸಿನಲ್ಲಿ ಶಿವರಂಜನಿ ಈ ಸಲ ಅವಳ ಪಕ್ಕದಲ್ಲೇ ಕೂತಳು. ಸುದ್ದಿ ಇನ್ನೂ ತಿಳಿದಿರಲಿಲ್ಲ. ನಾಳೆ ಫೋನಿನಲ್ಲಿ ಹೇಳಬಹುದು, ಇಲ್ಲವೇ ಸಮಿತಿಯೇ ಹೇಳಲಿ ಎಂದು ಬಿಡಬಹುದು. ಊರು ದಾಟಿ ಗುಡ್ಡದ ಕಲ್ಲುಗಳು ಶುರುವಾದಾಗ ಶಾಹೀನ್ ಬಾಯಿ ತೆರೆದಳು. "ಮೆಹನಾಜ್ ಹೆಸರು ಕೊಟ್ಟೀನಿ."

ಹುಡುಗಿ ಬೂಟಿನ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. ಸಂತೆಕಲ್ಲೂರಿನ ಹೆಂಗಸರು ತರಕಾರಿ ಪುಟ್ಟಿಗಳ ಸಮೇತ ಹತ್ತಿ ಗದ್ದಲವಾದಾಗ, ಕೇಳಿದಳು. "ಆ ಚೆಂಡು ಬಿಟ್ಟೆ, ಅದಕ್ಕೇನ್ರಿ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದು ಚೆಂಡು, ಒಂದು ಕೆಟ್ಟ ಗಳಿಗೆ, ಮುಂದಿನ ಸಲ ಹಿಡಿ ಎಂದು ಬೆನ್ನು ತಟ್ಟಬಹುದಿತ್ತು. "ಅಲ್ಲ" ಎಂದಳು ಶಾಹೀನ್. "ಅದನ್ನ ಹಿಡಿದಿದ್ರೂ ನಾ ಆಕಿ ಹೆಸರ ಕೊಡ್ತಿದ್ದೆ." ಗಂಗಾಧರ ಸರ್‌ಗೆ ಹೇಳಿದ್ದನ್ನೆಲ್ಲ, ಏನೂ ಮೆತ್ತಗೆ ಮಾಡದೆ, ಪುಟ್ಟಿಗಳ ಸಂದಿಯಲ್ಲಿ ತಲೆ ಬಗ್ಗಿಸಿ ಹೇಳಿದಳು. ಶಿವರಂಜನಿಯ ಕಣ್ಣಿನಿಂದ ನೀರು ಇಳಿಯಿತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಬೇರೆ ಯಾರದೋ ಎಂಬಂತೆ ಇಳಿಯಗೊಟ್ಟಳು.

ಮಸ್ಕಿ ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತಲೇ ಅಂದಳು. "ನಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಬಂದಿರ್ತಾನ. ಆಕಿ ನಿಮ್ಮ ಮಂದಿ, ಅದಕ್ಕ ಕೊಟ್ಟೀರಿ ಅಂತಾನ. ನಾ ಏನ್ ಹೇಳ್ಲಿ?"

ಸಿಂಧನೂರಿನ ಟಿಕೆಟ್ಟು ಕೈಯಲ್ಲಿತ್ತು. ಶಾಹೀನ್ ಚೀಲ ಹೆಗಲಿಗೇರಿಸಿದಳು. "ನೀ ಏನೂ ಹೇಳಬ್ಯಾಡ. ನಾ ಇಳಿತೀನಿ."

ಹುಸೇನಪ್ಪ ಬ್ಯಾಂಕಿನ ನೀಲಿ ಅಂಗಿಯಲ್ಲೇ ಬಂದಿದ್ದ. ಮಗಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಚಹಾದಂಗಡಿಯ ಬೆಂಚಿನ ಮೇಲೆ ಮೇಡಂಗೆ ಜಾಗ ತೋರಿಸಿ ತಾನು ನಿಂತೇ ಇದ್ದ. ಶಾಹೀನ್ ಕೂರಲಿಲ್ಲ. ಎದುರು ನಿಂತು, ಮೆಹನಾಜ್ ಹೆಸರು ಕೊಟ್ಟದ್ದು ತಾನು, ಕಾರಣ ಇಂಥದ್ದು ಎಂದು ಹೇಳಿದಳು. ಅವನು ಪೂರ್ತಿ ಕೇಳಿದ. ದನಿಯೆತ್ತಲಿಲ್ಲ. ಅದೇ ಕಷ್ಟವಾಯಿತು.

"ಆಟ ನನಗ ತಿಳಿಯಂಗಿಲ್ರಿ" ಎಂದ. "ಆದ್ರ ಒಂದು ಕೇಳ್ತೀನಿ. ಆಕಿ ಜಾಗದಾಗ ಬ್ಯಾರೆ ಯಾರರ ಹುಡುಗಿ ಇದ್ದಿದ್ರೂ ನೀವು ಹಿಂಗ ಮಾಡ್ತಿದ್ರೇನು?"

"ಇದನ್ನ ನಾ ಇಡೀ ದಿನ ನನಗ ಕೇಳ್ಕೊಂಡೀನಿ" ಎಂದಳು ಶಾಹೀನ್. "ಮಾಡ್ತಿದ್ದೆ."

ಅವನು ನಂಬಿದನೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ನಂಬಲೇಬೇಕೆಂದು ಕೇಳುವ ಹಕ್ಕು ತನಗಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ಲಾರಿಯೊಂದು ದೂಳೆಬ್ಬಿಸಿ ಹೋಯಿತು. ಆಗ ಶಿವರಂಜನಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು. ಕೆನ್ನೆಯ ಮೇಲೆ ದೂಳು ಕಣ್ಣೀರಿಗೆ ಅಂಟಿ ಗೆರೆಯಾಗಿತ್ತು.

"ಮಂದಿ ಮಾತಲ್ಲಪ್ಪ ಇದು" ಎಂದಳು. "ಮೆಹನಾಜ್ ಚಲೋ ಆಡ್ತಾಳ. ನಾ ಆಕೀಗಿಂತ ಚಲೋ ಆಡ್ತೀನಿ. ಮೇಡಂಗ ಇನ್ನೂ ಕಂಡಿಲ್ಲ, ಅಷ್ಟ."

ಶಾಹೀನ್ ಆ ಹುಡುಗಿಯನ್ನು ನೋಡಿದಳು. ಒಂದೇ ದಿನದಲ್ಲಿ ಇದು ಎರಡನೆಯ ಸಲ, ತನ್ನ ಕಣ್ಣನ್ನು ಕುರಿತು ತನ್ನ ಹುಡುಗಿಯರೇ ತೀರ್ಪು ಕೊಡುತ್ತಿರುವುದು. ವಾದಿಸಬೇಕೆನಿಸಲಿಲ್ಲ. ಕೊಟ್ಟ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ ಅನಿಸಲಿಲ್ಲ.

"ಇದ್ದರೂ ಇರಬಹುದು" ಎಂದಳು.